ಕಂದುಕಕ್ರೀಡೆಯೂ ಹೇಮಗುಡ್ಡದ ಸೀಮೆಯೂ

ಚೆಂಡಾಟವು ಹುಡುಗರ ಕಾಲಹರಣದ ಸಾಧನವೆಂದು ತಿಳಿಯುವವರು ಹಿಂದೆಯೂ ಇದ್ದರು, ಇಂದಿಗೂ ಇದ್ದಾರೆ. ಆದರೆ ಪುರಾಣೇತಿಹಾಸಗಳನ್ನೂ ಕಾವ್ಯಗಳನ್ನೂ ತೆರೆದು ನೋಡಿದವರಿಗೆ ಈ ಅಲ್ಪವಸ್ತುವಿನ ಸುತ್ತ ರಾಜಕುಲಗಳ ಏಳುಬೀಳುಗಳು ಹೆಣೆದುಕೊಂಡಿರುವುದು ಕಾಣಬರುವುದು. ತುಂಗಭದ್ರೆಯ ಎಡಮಗ್ಗುಲಿನ ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗೆಗಳ ಜನರಿಗಂತೂ ಈ ಮಾತು ಮಿಕ್ಕವರಿಗಿಂತ ಹೆಚ್ಚಾಗಿ ಸಲ್ಲತಕ್ಕದ್ದು. ಏಕೆಂದರೆ ಕನ್ನಡದ ಕಥೆಗಳಲ್ಲಿ ಬಹು ಪ್ರಸಿದ್ಧವಾದ ಚೆಂಡೊಂದು ಈ ಸೀಮೆಯನ್ನಾಳಿದ ಅರಸರ ಅರಮನೆಯಲ್ಲಿಯೇ ಬಿದ್ದಿತು. ಇಂದು ಸಣ್ಣ ಊರುಗಳ ಕಾಲೇಜುಗಳಲ್ಲಿ ತರುಣರು ಬಾಸ್ಕೆಟ್‌ಬಾಲ್ ಎಂಬ ಬುಟ್ಟಿಚೆಂಡಿನ ಆಟಕ್ಕೆ ತಂಡ ಕಟ್ಟಿ, ವರುಷ ವರುಷವೂ ಹೊಸ ಪಂದ್ಯಗಳಿಗೆ ಅಣಿಯಾಗುತ್ತಿರುವಾಗ ಆ ಹಳೆಯ ಚೆಂಡಿನ ವೃತ್ತಾಂತವನ್ನು ಸ್ಮರಿಸುವುದು ಅಪ್ರಸ್ತುತವಾಗಲಾರದು.

ಗಂಗಾವತಿಯ ಸೀಮೆಯ ಹೇಮಗುಡ್ಡದಲ್ಲಿ ಬಂಡೆಗಳ ನಡುವೆ ಕೋಟೆಯ ಅವಶೇಷಗಳೂ ದುರ್ಗಾದೇವಿಯ ಗುಡಿಯೂ ಇವೆ. ಈ ಸ್ಥಳವನ್ನು, ಸಮೀಪದ ಕುಮ್ಮಟದುರ್ಗದಂತೆಯೇ, ಜನರು ಗಂಡುಗಲಿ ಕುಮಾರರಾಮನ ಹೆಸರಿನೊಡನೆ ಕೂಡಿಸಿಕೊಂಡು ಬಂದಿದ್ದಾರೆ. ಆ ಕಾಲದ ಸ್ಥಿತಿ ಹೀಗಿತ್ತು. ೧೨೯೬ರಲ್ಲಿ ಅಲ್ಲಾವುದ್ದೀನ ಖಿಲ್ಜಿಯು ದೇವಗಿರಿಯ ಮೇಲೆ ಬಿದ್ದನು; ೧೩೧೮ರ ಹೊತ್ತಿಗೆ ಸೇವುಣರ ರಾಜ್ಯವು ಅಸ್ತಂಗತವಾಯಿತು. ಸೇವುಣರ ಅಧೀನದಲ್ಲಿದ್ದ ಮುಮ್ಮಡಿ ಸಿಂಗನೆಂಬ ನಾಯಕನ ಮಗನಾದ ಕಂಪಿಲದೇವನು ಸ್ವತಂತ್ರನಾಗಿ ನಿಂತನು. ದಕ್ಷಿಣದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳ, ಪೂರ್ವದಲ್ಲಿ ಓರಂಗಲ್ಲಿನ ಪ್ರತಾಪರುದ್ರ, ಉತ್ತರದಲ್ಲಿ ದಿಲ್ಲಿಯ ಸುಲ್ತಾನರು. ಈ ಮೂರು ಬಲಗಳ ನಡುವೆ ಕಂಪಿಲನ ರಾಜ್ಯವು ಅಂಗೈಯಗಲದ್ದು. ಇಂಥ ರಾಜ್ಯಕ್ಕೆ ಸಂಖ್ಯೆಯ ಬಲವಿರುವುದು ಸಾಧ್ಯವಿಲ್ಲ. ಅದು ಬದುಕಬೇಕಾದರೆ ತನ್ನ ತರುಣರ ದೇಹವನ್ನೂ ಒಗ್ಗಟ್ಟನ್ನೂ ಹದದಲ್ಲಿಟ್ಟುಕೊಳ್ಳಬೇಕು.

ಕಂಪಿಲನ ಮಗನಾದ ಕುಮಾರರಾಮನ ಚರಿತೆಯನ್ನು ೧೬ನೆಯ ಶತಮಾನದಲ್ಲಿ ನಂಜುಂಡ ಕವಿಯು ಸಾಂಗತ್ಯದಲ್ಲಿ ಹಾಡಿದನು. ಅನಂತರವೂ ಹಲವರು ಹಾಡಿದರು. ಕಾವ್ಯಗಳಲ್ಲಿ ರಾಮನು ಒಂಟಿ ವೀರನಲ್ಲ. ಕಾಟಣ್ಣನೇ ಮೊದಲಾದ ಜೊತೆಗಾರರ ಒಂದು ಪಡೆಯೇ ಅವನೊಡನೆ ಬೆಳೆಯುತ್ತದೆ. ಯುದ್ಧವಿಲ್ಲದ ದಿನಗಳಲ್ಲಿ ಈ ತರುಣರು ಚೆಂಡಾಡುತ್ತಾರೆ. ತಂದೆಯು ಬೇಟೆಗೆ ಹೋಗಿದ್ದ ಸಮಯದಲ್ಲಿ ಹೀಗೆ ಆಡುತ್ತಿರುವಾಗ ಚೆಂಡು ಹಾರಿ ಕಿರಿಯ ರಾಣಿ ರತ್ನಾಜಿಯ ಮನೆಯೊಳಗೆ ಬೀಳುತ್ತದೆ. ಅದನ್ನು ತರಲು ಹೋದ ರಾಮನನ್ನು ಅವಳು ಮೋಹಿಸುತ್ತಾಳೆ. ಪರನಾರೀಸಹೋದರನೆಂದು ಹೆಸರಾದ ರಾಮನು ತಾಯಿಯ ಸ್ಥಾನದಲ್ಲಿರುವವಳ ಮಾತಿಗೆ ಒಪ್ಪುವುದಿಲ್ಲ. ಅವಳು ಗಂಡನಲ್ಲಿ ಸುಳ್ಳುದೂರು ಹೇಳುತ್ತಾಳೆ. ಕಂಪಿಲನು ವಿಚಾರಿಸದೆ ಮಗನ ತಲೆಯನ್ನು ತೆಗೆಯಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪನು ಬೇರೊಂದು ತಲೆಯನ್ನು ತೋರಿಸಿ, ರಾಮನನ್ನು ಗುಪ್ತವಾಗಿ ಕಾಪಾಡುತ್ತಾನೆ. ಮುಂದೆ ದಿಲ್ಲಿಯ ದಂಡು ಬಂದು ರಾಜನು ಮಗನನ್ನು ನೆನೆದು ಹಲುಬುವಾಗ ಬೈಚಪ್ಪನು ಅವನನ್ನು ಹೊರಕ್ಕೆ ತರುತ್ತಾನೆ. ರಾಮನು ಹಗೆಯನ್ನು ಹಿಮ್ಮೆಟ್ಟಿಸುತ್ತಾನೆ.

ಈ ಕಥೆಯ ಹಿನ್ನೆಲೆಯಲ್ಲಿರುವ ಯುದ್ಧವು ಕವಿಕಲ್ಪನೆಯಲ್ಲ. ಸಗರದಲ್ಲಿ ಅಧಿಕಾರಿಯಾಗಿದ್ದ ಬಹಾವುದ್ದೀನ ಗುರ್ಶಾಸ್ಪನು ತನ್ನ ಬಂಧುವಾದ ಮಹಮ್ಮದ ಬಿನ್ ತುಘಲಕನಿಗೆ ತಿರುಗಿಬಿದ್ದು ಸೋತು, ಕಂಪಿಲನಲ್ಲಿ ಆಶ್ರಯವನ್ನು ಬೇಡಿದನು. ಶರಣಾಗತನನ್ನು ಒಪ್ಪಿಸಲು ಕಂಪಿಲನು ಸಮ್ಮತಿಸಲಿಲ್ಲ. ೧೩೨೭ರಲ್ಲಿ ದಿಲ್ಲಿಯ ಸೈನ್ಯವು ಕೋಟೆಯನ್ನು ಹಿಡಿಯಿತು. ಕಂಪಿಲನು ಆಶ್ರಿತನನ್ನು ಹೊಯ್ಸಳರ ಕಡೆಗೆ ಸಾಗಿಸಿ, ಕಾದಾಡುತ್ತ ಮಡಿದನೆಂದು ಕೆಲವು ವರ್ಷಗಳ ತರುವಾಯ ದಿಲ್ಲಿಗೆ ಬಂದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತನು ಬರೆದಿದ್ದಾನೆ. ಕಂಪಿಲನ ಹನ್ನೊಂದು ಮಂದಿ ಮಕ್ಕಳು ಸೆರೆಯಾಗಿ ದಿಲ್ಲಿಗೆ ಹೋದರೆಂದೂ ಅವನ ಬರಹದಲ್ಲಿದೆ.

ಜನರ ಬಾಯಲ್ಲಿ ಈ ಕಥೆಯ ನೀತಿಯು ಬಹುಮಟ್ಟಿಗೆ ಚೆಂಡಿನ ಮೇಲೆ ಬಂದು ನಿಲ್ಲುತ್ತದೆ. ಅಂದು ಚೆಂಡಾಟವಿಲ್ಲದಿದ್ದರೆ ಅಷ್ಟು ಅನರ್ಥವೇ ಇರುತ್ತಿರಲಿಲ್ಲವೆಂದು ಹೇಳುವರು. ಇದು ಸರಿಯಾದ ವಿಚಾರವೆ? ಆ ಆಟದ ಬಯಲಿನಲ್ಲಿ ಒಡನಾಡಿದ ಪಡೆಯೇ ಹಗೆಯೆದುರು ನಿಂತಿತು. ಒಬ್ಬನ ಕಣ್ಸನ್ನೆಯನ್ನು ಮತ್ತೊಬ್ಬನು ಅರಿಯುವುದು, ಓಡುತ್ತಲೇ ಎಡಬಲಗಳನ್ನು ನೋಡುವುದು, ತನಗೆ ದೊರೆತುದನ್ನು ಸಮಯದಲ್ಲಿ ಜೊತೆಗಾರನಿಗೆ ಬಿಟ್ಟುಕೊಡುವುದು, ಇವು ಚೆಂಡಾಟದ ಗುಣಗಳೂ ಹೌದು, ಸಮರದ ಗುಣಗಳೂ ಹೌದು. ದೋಷವಿದ್ದುದು ತರುಣರ ಆಟದಲ್ಲಲ್ಲ, ವಿಚಾರಿಸದೆ ತೀರ್ಪಿತ್ತ ಹಿರಿಯನಲ್ಲಿ. ರಾಜ್ಯವನ್ನು ಉಳಿಸಿದ ಕೀರ್ತಿಯಲ್ಲಿಯೂ ಅರ್ಧಪಾಲು ಮತ್ತೊಬ್ಬ ಹಿರಿಯನಿಗೆ, ಎಂದರೆ ಆ ತರುಣನನ್ನು ಕೆಡದಂತೆ ಕಾಪಿಟ್ಟ ಬೈಚಪ್ಪನಿಗೆ, ಸಲ್ಲತಕ್ಕದ್ದು.

ಮಹಾಭಾರತದ ಆದಿಪರ್ವದಲ್ಲಿ ಇದಕ್ಕೆ ಪ್ರತಿಯಾದ ಒಂದು ಪ್ರಸಂಗವುಂಟು. ಹಸ್ತಿನಾವತಿಯ ಹೊರಗೆ ಕುರುಕುಮಾರರು ಆಡುತ್ತಿರುವಾಗ ಅವರ ವೀಟೆಯು, ಎಂದರೆ ಆಟದ ಗುಂಡು, ಬಾವಿಯೊಳಗೆ ಬಿದ್ದಿತು. ಎಷ್ಟು ಯತ್ನಿಸಿದರೂ ಅವರಿಂದ ಅದನ್ನು ತೆಗೆಯಲಾಗಲಿಲ್ಲ. ಹತ್ತಿರದಲ್ಲಿದ್ದ ಬಡ ಬ್ರಾಹ್ಮಣನೊಬ್ಬನು ಅವರ ಕ್ಷತ್ರಿಯವಿದ್ಯೆಯನ್ನು ಹಳಿದು, ಹುಲ್ಲುಕಡ್ಡಿಗಳನ್ನು ಒಂದಕ್ಕೊಂದು ನಾಟುವಂತೆ ಮಂತ್ರಿಸಿ ಎಸೆದು ವೀಟೆಯನ್ನು ಮೇಲೆತ್ತಿದನು. ಕುಮಾರರು ಓಡಿಹೋಗಿ ಪಿತಾಮಹನಿಗೆ ತಿಳಿಸಿದರು. ಭೀಷ್ಮನು ‘ಆಟವಾಡಿ ಹೊತ್ತು ಕಳೆದಿರಿ’ ಎಂದು ಗದರಿಸಲಿಲ್ಲ. ಅವರು ಹೇಳಿದ್ದನ್ನು ಕೇಳಿ, ಆತನು ದ್ರೋಣನೇ ಇರಬೇಕೆಂದು ಊಹಿಸಿ, ತಾನೇ ಕರೆತಂದು ಮಕ್ಕಳನ್ನು ಅವನ ವಶಕ್ಕೆ ಒಪ್ಪಿಸಿದನು. ಒಂದು ಊರಿನಲ್ಲಿ ಬಿದ್ದ ಚೆಂಡು ಗುರುವನ್ನು ತಂದಿತು. ಮತ್ತೊಂದು ಊರಿನಲ್ಲಿ ಬಿದ್ದ ಚೆಂಡು ಕತ್ತಿಯನ್ನು ತಂದಿತು. ಎರಡು ಕಡೆಯೂ ಚೆಂಡು ಒಂದೇ, ತಾರುಣ್ಯವೂ ಒಂದೇ. ಭೇದವಿದ್ದುದು ಹಿರಿಯರ ವಿವೇಕದಲ್ಲಿ.

ಕನ್ನಡ ನಾಡಿನ ಅರಸರಲ್ಲಿ ಈ ವಿವೇಕಕ್ಕೆ ಶಾಸ್ತ್ರದ ರೂಪವನ್ನೇ ಕೊಟ್ಟವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು. ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಅವನು ರಚಿಸಿದ ಮಾನಸೋಲ್ಲಾಸದಲ್ಲಿ ವಿನೋದಗಳಿಗೆ ವಿಸ್ತಾರವಾದ ಪ್ರಕರಣವುಂಟು. ಕುದುರೆಯ ಮೇಲೆ ಕುಳಿತು ಕೋಲಿನಿಂದ ಚೆಂಡನ್ನು ಹೊಡೆಯುವ ಎರಡು ಪಕ್ಷಗಳ ಆಟವೂ ಅಲ್ಲಿದೆ, ಮಲ್ಲವಿನೋದವೂ ಅಲ್ಲಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸಬೇಕು. ಅವರ ನಿತ್ಯದ ವ್ಯಾಯಾಮಕ್ಕೆ ಕ್ರಮವಿರಬೇಕು. ಅವರ ಆಹಾರದ ಹೊಣೆಯನ್ನು ಅರಸನೇ ಹೊರಬೇಕು. ಸ್ಪರ್ಧೆಯ ದಿನದ ಗೆಲುವು ಆ ದಿನ ಹುಟ್ಟುವುದಲ್ಲ, ಅದಕ್ಕೆ ಹಿಂದಿನ ದಿನಗಳ ಅನ್ನದಲ್ಲಿಯೂ ಶ್ರಮದಲ್ಲಿಯೂ ಹುಟ್ಟುವುದೆಂಬ ತತ್ತ್ವವು ಈ ವಿಧಿಗಳಲ್ಲಿ ಅಡಗಿದೆ.

ಬುಟ್ಟಿಚೆಂಡಿನ ಆಟವು ಹುಟ್ಟಿದ್ದು ಕೂಡ ಇಂಥ ಬಿಡುವಿನ ದಿನಗಳ ಚಿಂತೆಯಿಂದಲೇ ಎಂಬುದನ್ನು ವಾಚಕರು ಗಮನಿಸಬೇಕು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಶಿಕ್ಷಣಶಾಲೆಯೊಂದಿತ್ತು. ಅಲ್ಲಿನ ವಿದ್ಯಾರ್ಥಿಗಳು ಶರತ್ಕಾಲದಲ್ಲಿ ಫುಟ್‌ಬಾಲನ್ನೂ ವಸಂತದಲ್ಲಿ ಬೇಸ್‌ಬಾಲನ್ನೂ ಆಡುವರು. ನಡುವಣ ಹಿಮಗಾಲದಲ್ಲಿ ಹೊರಗೆ ಆಡುವಂತಿಲ್ಲ. ಒಳಗಿನ ಕವಾಯತಿನಲ್ಲಿ ಅವರಿಗೆ ಮನಸ್ಸಿಲ್ಲ. ಈ ತುಂಟ ತರಗತಿಯನ್ನು ಹಿಡಿತಕ್ಕೆ ತರಲಾರದೆ ಇಬ್ಬರು ಶಿಕ್ಷಕರು ಕೈಚೆಲ್ಲಿದ್ದರು. ಶಾರೀರಿಕ ಶಿಕ್ಷಣದ ಮುಖ್ಯಸ್ಥನಾದ ಲೂಥರ್ ಗ್ಯೂಲಿಕನು ಆ ವಿದ್ಯಾರ್ಥಿಗಳನ್ನು ಹೊರಗಟ್ಟಲಿಲ್ಲ. ಹದಿನಾಲ್ಕು ದಿನಗಳೊಳಗೆ ಒಂದು ಹೊಸ ಆಟವನ್ನು ಹೂಡಬೇಕೆಂದು ಕೆನಡಾ ದೇಶದವನಾದ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನಿಗೆ ಹೇಳಿದನು.

ನೈಸ್ಮಿತನು ಮೊದಲು ಆಟಗಳ ಒರಟುತನಕ್ಕೆ ಕಾರಣವೇನೆಂದು ವಿಚಾರಿಸಿದನು. ಚೆಂಡನ್ನು ಹಿಡಿದು ಓಡುವವನನ್ನು ತಡೆಯಬೇಕಾದುದರಿಂದ ಮೈಮೇಲೆ ಬೀಳುವುದು ಅನಿವಾರ್ಯವಾಗುತ್ತದೆ. ಆದುದರಿಂದ ಚೆಂಡನ್ನು ಹಿಡಿದು ಓಡಲೇಕೂಡದು. ಗುರಿಯು ಎದುರಿನಲ್ಲಿದ್ದರೆ ಬಲವಂತನು ಬಲವನ್ನೆಲ್ಲ ಹಾಕಿ ಹೊಡೆಯುವನು. ಗುರಿಯು ತಲೆಗಿಂತ ಮೇಲೆ, ಬಾಯಿ ಆಕಾಶಕ್ಕೆ ತೆರೆದುಕೊಂಡಿದ್ದರೆ ಬಲಕ್ಕಿಂತ ಹದವೇ ಮುಖ್ಯವಾಗುವುದು. ಹೀಗೆ ತರ್ಕಿಸಿ ಹದಿಮೂರು ನಿಯಮಗಳನ್ನು ಬರೆದನು. ೧೮೯೧ರ ಡಿಸೆಂಬರಿನಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, ಹದಿನೆಂಟು ಮಂದಿಯನ್ನು ಒಂಬತ್ತು ಒಂಬತ್ತಾಗಿ ಹಂಚಿ ಆಡಿಸಿದನು. ಬುಟ್ಟಿಗೆ ತಳವಿದ್ದುದರಿಂದ ಬಿದ್ದ ಚೆಂಡನ್ನು ಯಾರಾದರೂ ಏಣಿ ಹತ್ತಿ ತೆಗೆದುಕೊಡಬೇಕಾಗುತ್ತಿತ್ತು. ಚೆಂಡು ಬೀಳುವುದನ್ನೇ ಜಯವೆಂದು ಎಣಿಸುವ ಆಟವು ಹೀಗೆ ಜನಿಸಿತು.

ಆ ಶಾಲೆಯಲ್ಲಿಯೇ ಕಲಿತ ಹ್ಯಾರಿ ಕ್ರೋ ಬಕ್ ಎಂಬಾತನು ೧೯೨೦ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ಶಾರೀರಿಕ ಶಿಕ್ಷಣ ವಿದ್ಯಾಲಯವನ್ನು ಸ್ಥಾಪಿಸಿದನು. ಶಾಲಾ ಕಾಲೇಜುಗಳ ವ್ಯಾಯಾಮ ಶಿಕ್ಷಕರು ಅಲ್ಲಿ ತರಬೇತಿ ಹೊಂದಿ ದಕ್ಷಿಣದೇಶದ ಊರೂರಿಗೂ ಹೋದರು. ೧೯೩೪ರಲ್ಲಿ ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿಯು ದಿಲ್ಲಿಯಲ್ಲಿ ನಡೆಯಿತು. ೧೯೩೬ರಲ್ಲಿ ಬರ್ಲಿನ್ ಒಲಿಂಪಿಕ್ಸಿಗೆ ಈ ಆಟವು ಸೇರಿತು. ೧೯೫೦ರಲ್ಲಿ ಭಾರತದ ಬಾಸ್ಕೆಟ್‌ಬಾಲ್ ಸಂಘವು ಏರ್ಪಟ್ಟಿತು. ೧೯೮೦ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಭಾರತದ ಪುರುಷರ ತಂಡವು ಆಡಿತು. ಇತ್ತ ಹೇಮಗುಡ್ಡದ ಸೀಮೆಯು ೧೯೪೮ರ ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದು, ೧೯೫೬ರಲ್ಲಿ ಏಕೀಕೃತ ಕನ್ನಡ ರಾಜ್ಯಕ್ಕೆ ಸೇರಿ, ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯ ಭಾಗವಾಯಿತು. ಉನ್ನತ ವಿದ್ಯೆಯು ಇಲ್ಲಿಗೆ ತಡವಾಗಿ ಬಂದಂತೆ ಕ್ರೀಡೆಯ ಸೌಕರ್ಯಗಳೂ ತಡವಾಗಿಯೇ ಬಂದವು.

ಈಗ ಇಂಥ ಸೀಮೆಯ ಒಂದು ಸಣ್ಣ ಕಾಲೇಜಿನ ತಂಡದ ಸ್ಥಿತಿಯನ್ನು ವಿಚಾರಿಸಬಹುದು. ವಿಶ್ವವಿದ್ಯಾಲಯದ ಅಂತರ್‌ಕಾಲೇಜು ಪಂದ್ಯಗಳು ಸಮೀಪಿಸುವ ಮೊದಲು ದೊರೆಯುವುದು ಕೆಲವೇ ವಾರಗಳು. ಕಳೆದ ವರುಷ ಆಡಿದವರಲ್ಲಿ ಹಲವರು ಓದು ಮುಗಿಸಿ ಹೊರಟುಹೋಗಿರುವರು. ಅಂಗಳದಲ್ಲಿ ಆಡುವವರು ಐವರೇ ಆದರೂ ಪಟ್ಟಿಗೆ ಹನ್ನೆರಡು ಮಂದಿ ಬೇಕು; ಅಷ್ಟು ಮಂದಿ ಎತ್ತರದ ಹುಡುಗರನ್ನು ಸಣ್ಣ ಕಾಲೇಜು ಎಲ್ಲಿಂದ ತರಬೇಕು? ಗಂಗಾವತಿಯ ಕಡೆಯ ಕಾಲುವೆಯ ನೆಲದಲ್ಲಿ ಮಳೆಗಾಲವು ಭತ್ತದ ನಾಟಿಯ ಕಾಲ. ಒಕ್ಕಲು ಮನೆಯ ಹುಡುಗನಿಗೆ ಸಂಜೆಯ ಅಭ್ಯಾಸಕ್ಕಿಂತ ಗದ್ದೆಯ ಕೆಲಸವು ಮೊದಲು. ಇಪ್ಪತ್ತೆಂಟು ಮೀಟರು ಉದ್ದ, ಹದಿನೈದು ಮೀಟರು ಅಗಲದ ಅಂಗಳವು ಮಳೆಗೆ ತೊಯ್ದರೆ ಆ ದಿನದ ಆಟ ನಿಂತಂತೆಯೇ. ದೊಡ್ಡ ಪಟ್ಟಣಗಳ ತಂಡಗಳಿಗೆ ಮಾಡಿನ ಕೆಳಗೆ ಮರದ ನೆಲವಿರುವುದುಂಟು.

ಆದರೂ ಕಂಪಿಲನ ರಾಜ್ಯದಂತೆ ಸಣ್ಣ ತಂಡಕ್ಕೂ ತನ್ನದೇ ಆದ ಬಲವುಂಟು. ಎತ್ತರವು ಹುಟ್ಟಿನಿಂದ ಬರುವುದು. ಹದವು ಅಭ್ಯಾಸದಿಂದ ಬರುವುದು. ಎದುರಾಳಿಯ ತಪ್ಪಿಗೆ ಪ್ರತಿಯಾಗಿ ದೊರೆಯುವ ತಡೆಯಿಲ್ಲದ ಎಸೆತವನ್ನು ನೋಡಿರಿ. ಹಲಗೆಯಿಂದ ೪.೬೦ ಮೀಟರು ದೂರದ ಗೆರೆಯ ಮೇಲೆ ಆಟಗಾರನು ಒಬ್ಬನೇ ನಿಂತು ೩.೦೫ ಮೀಟರು ಎತ್ತರದ ಬಳೆಗೆ ಚೆಂಡನ್ನು ಎಸೆಯಬೇಕು. ಯಾರೂ ಅಡ್ಡ ಬರಕೂಡದು. ಅಲ್ಲಿ ಕುಳ್ಳನೂ ಉದ್ದನೂ ಸಮಾನರು. ಗಾಳಿಗೆ ದೀಪವಾರಿದಾಗಲೂ ಕೈಯು ತಪ್ಪದೆ ಬಾಯಿಗೆ ಹೋಗುವುದನ್ನು ಕಂಡ ಅರ್ಜುನನು ಕತ್ತಲೆಯಲ್ಲಿ ಬಿಲ್ಲನ್ನು ಅಭ್ಯಸಿಸಲು ತೊಡಗಿದನೆಂದು ಆದಿಪರ್ವವು ಹೇಳುತ್ತದೆ. ಆ ಗೆರೆಯ ಮೇಲೆ ದಿನವೂ ನೂರು ಸಲ ಎಸೆದವನ ಕೈಗೆ ಅಂಥದೇ ಅರಿವು ಬರುವುದು. ದಮ್ಮು, ಓಟ, ಕಾಲಿನ ನೆಲೆ, ಚೆಂಡನ್ನು ತಡಮಾಡದೆ ಸಾಗಿಸುವ ರೂಢಿ, ಇವಾವುದಕ್ಕೂ ಮರದ ನೆಲವೇ ಬೇಕೆಂಬುದಿಲ್ಲ. ಚೆಂಡು ಕೈಸೇರಿದ ೨೪ ಸೆಕೆಂಡುಗಳೊಳಗೆ ತಂಡವು ಎಸೆಯಲೇಬೇಕೆಂಬ ನಿಯಮವಿರುವಾಗ ಯೋಚಿಸುತ್ತ ನಿಲ್ಲಲು ಅವಕಾಶವಿಲ್ಲ. ಐವರ ಮನಸ್ಸು ಮೊದಲೇ ಒಂದಾಗಿರಬೇಕು. ಆ ಐಕ್ಯವು ಪಂದ್ಯದ ದಿನ ದೊರೆಯುವ ಪದಾರ್ಥವಲ್ಲ.

ಇನ್ನುಳಿದುದು ಹಿರಿಯರ ಕರ್ತವ್ಯ. ಪರೀಕ್ಷೆಯಲ್ಲಿ ಅಂಕಗಳು ಕಡಿಮೆಯಾದರೆ ಚೆಂಡನ್ನು ಬೈಯುವುದು ಬಹು ಸುಲಭ. ಆ ಹುಡುಗನು ಬಸ್ಸಿನಲ್ಲಿ ಎಷ್ಟು ಹೊತ್ತು ಕಳೆಯುವನು, ಮನೆಯಲ್ಲಿ ಎಷ್ಟು ದುಡಿಯುವನು, ಹೊಟ್ಟೆತುಂಬ ಉಂಡು ಅಭ್ಯಾಸಕ್ಕೆ ಬರುವನೋ ಇಲ್ಲವೋ ಎಂದು ವಿಚಾರಿಸುವವರು ವಿರಳ. ಮಾನಸೋಲ್ಲಾಸದ ಅರಸನು ಮಲ್ಲರಿಗೆ ಅನ್ನವಿಡುವುದನ್ನು ತನ್ನ ಹೊಣೆಯೆಂದು ಬಗೆದನು. ಅಷ್ಟಿಲ್ಲದಿದ್ದರೂ ಸಂಜೆಗೆ ಒಂದು ಬಟ್ಟಲು ಹಾಲು, ಅಂಗಳಕ್ಕೆ ಒಂದು ದೀಪ, ಆಟವನ್ನು ಬಲ್ಲ ಒಬ್ಬ ಶಿಕ್ಷಕ, ಊರಿಗೆ ಮರಳಲು ಒಂದು ಬಸ್ಸು, ಇಷ್ಟನ್ನು ಒದಗಿಸುವುದು ಒಂದು ಊರಿನ ಗೃಹಸ್ಥರಿಗೂ ಕಾಲೇಜಿನ ಆಡಳಿತಕ್ಕೂ ಅಸಾಧ್ಯವಲ್ಲ. ತಂಡವು ಮೊದಲನೆಯ ಪಂದ್ಯದಲ್ಲಿಯೇ ಸೋತು ಬಂದರೂ ಆ ವೆಚ್ಚವು ವ್ಯರ್ಥವಲ್ಲ. ಸೋತು ಮರುದಿನ ಮತ್ತೆ ಅಂಗಳಕ್ಕೆ ಇಳಿಯುವ ಅಭ್ಯಾಸವು ಮುಂದಿನ ಬಾಳಿಗೆ ದೊಡ್ಡ ಮೂಲಧನ.

ಚೆಂಡು ಬೀಳದ ಆಟವಿಲ್ಲ. ಅದು ಬಿದ್ದಾಗ ಭೀಷ್ಮನಂತೆ ಗುರುವನ್ನು ಹುಡುಕುವರೋ, ಕಂಪಿಲನಂತೆ ಆಡಿದವನನ್ನೇ ದಂಡಿಸುವರೋ ಎಂಬುದರ ಮೇಲೆ ಒಂದು ಸೀಮೆಯ ತರುಣರ ಭವಿಷ್ಯವು ನಿಂತಿರುವುದು. ಕೋಟೆ ಬಿದ್ದು ಏಳುನೂರು ವರುಷಗಳು ತುಂಬುತ್ತ ಬಂದಿರುವ ಈ ಕಾಲದಲ್ಲಿಯಾದರೂ ಹೇಮಗುಡ್ಡದ ಸೀಮೆಯ ಹಿರಿಯರು ಬೈಚಪ್ಪನ ಪಕ್ಷವನ್ನು ವಹಿಸುವುದು ಉಚಿತವಾದುದು.