ಮಾತು ಪಡೆದ ವೀರ

ವಿಡಿಯೋ ಆಟದಿಂದ ಹುಟ್ಟಿದ ಚಿತ್ರಕಾದಂಬರಿಯೊಂದನ್ನು ನಾನು ಓದಿದ್ದು ಮೊಮ್ಮಗನ ಒತ್ತಾಯಕ್ಕೆ. ಕೊಂಚ ತಾತ್ಸಾರದಿಂದಲೇ ಎಂದು ಒಪ್ಪಿಕೊಳ್ಳಬೇಕು. ಕೃತಿ 'ದಿ ಲೆಜೆಂಡ್ ಆಫ್ ಜೆಲ್ಡಾ: ಎ ಲಿಂಕ್ ಟು ದ ಪಾಸ್ಟ್', ರಚಿಸಿದವರು ಜಪಾನಿನ ಶೋತಾರೋ ಇಶಿನೊಮೊರಿ. ನನಗೆ ಸಿಕ್ಕಿದ್ದು 2015ರ ಮರುಮುದ್ರಣ.

ಇದಕ್ಕೆ ಮೂಲವಾದ ನಿಂಟೆಂಡೊ ಆಟ ಜಪಾನಿನಲ್ಲಿ ಹೊರಬಂದದ್ದು 1991ರ ನವೆಂಬರಿನಲ್ಲಿ. ಅಮೆರಿಕವನ್ನು ತಲುಪಿದ್ದು 1992ರ ಏಪ್ರಿಲಿನಲ್ಲಿ. ಆದರೆ ಅಲ್ಲಿನ 'ನಿಂಟೆಂಡೊ ಪವರ್' ಮಾಸಪತ್ರಿಕೆ ಆ ವರ್ಷದ ಜನವರಿ ಸಂಚಿಕೆಯಿಂದಲೇ ಚಿತ್ರಕಥೆಯನ್ನು ಧಾರಾವಾಹಿಯಾಗಿ ಪ್ರಕಟಿಸತೊಡಗಿತ್ತು. ಆಟದ ಜಾಹೀರಾತೆಂದರೂ ಸರಿಯೇ. ಹಾಗಿದ್ದೂ ಅಲ್ಲಿನ ಮಕ್ಕಳಿಗೆ ಆಟಕ್ಕಿಂತ ಮೊದಲು ಕೈಸೇರಿದ್ದು ಕಥೆ.

ಆಟದಲ್ಲಿ ಲಿಂಕ್ ಎಂಬ ಬಾಲವೀರನದು ಮೌನ. ಗುಂಡಿಯೊತ್ತುವ ಹುಡುಗನೇ ಲಿಂಕ್ ಆಗಿರುವಾಗ ಅವನಿಗೆ ಬೇರೆ ಮಾತೇಕೆ? ಓದುಗನ ಕೈಯಲ್ಲಾದರೋ ಗುಂಡಿಯಿಲ್ಲ. ಆದುದರಿಂದ ಇಶಿನೊಮೊರಿ ವೀರನಿಗೆ ಮಾತು ಕೊಟ್ಟರು, ಅಳುಕು ಕೊಟ್ಟರು. ಕಡೆಯಲ್ಲಿ ಜೆಲ್ಡಾ ರಾಣಿಯಾಗುತ್ತಾಳೆ, ಲಿಂಕ್ ಕಾವಲುಪಡೆಯ ನಾಯಕನಾಗುತ್ತಾನೆ. ಗೆದ್ದ ರಾಜ್ಯದ ಕರ್ತವ್ಯವೇ ಅವರಿಬ್ಬರನ್ನು ದೂರವಿಡುತ್ತದೆ. ನಮ್ಮ ಆಲಂಕಾರಿಕರು ವಿಪ್ರಲಂಭವೆಂದು ಕರೆದದ್ದು ಇದನ್ನೇ.

"ಆಟದಲ್ಲಿ ಹೀಗಿಲ್ಲ, ತಾತ" ಎಂದು ಮೊಮ್ಮಗ ಆಕ್ಷೇಪಿಸಿದ. ಅವನ ಮಾತು ನಿಜ; ಪುಸ್ತಕ ನನಗೆ ಹಿಡಿಸಿದ್ದೂ ಅದರಿಂದಲೇ.