ವಿಲ್ಲಿಸ್ ವಂಶದ ಎರಡು ಕವಲು: ಗ್ಯಾಸರ್ ಪಂದ್ಯ, ಮಲೆನಾಡಿನ ಜೀಪು ಮತ್ತು ‘ಮೂಲರೂಪ’ದ ಪ್ರಶ್ನೆ

ಅಮೆರಿಕದ ಡ್ರ್ಯಾಗ್ ರೇಸಿಂಗ್‌ನಲ್ಲಿ ‘ಗ್ಯಾಸರ್’ ಎಂದು ಹೆಸರಾದ ಹಳೆಯ ಕಾರುಗಳನ್ನೂ ಹೊಸನಗರ ತಾಲ್ಲೂಕಿನ ಕೊಡಚಾದ್ರಿಯನ್ನು ಹತ್ತುವ ಜೀಪುಗಳನ್ನೂ ಒಂದೇ ಟಿಪ್ಪಣಿಯಲ್ಲಿ ತಂದರೆ ಓದುಗರು ಹುಬ್ಬೇರಿಸುವುದು ಸಹಜ. ಆದರೆ ಇವು ದಾಯಾದಿಗಳು. ಗ್ಯಾಸರ್ ಪಂದ್ಯಗಳ ಅತಿ ಪ್ರಸಿದ್ಧ ಕಾರು ವಿಲ್ಲಿಸ್ ಕೂಪೆ. ಮಲೆನಾಡಿನ ಜೀಪಿನ ಮೂಲಪುರುಷನೂ ವಿಲ್ಲಿಸ್. ಎರಡೂ ಹುಟ್ಟಿದ್ದು ಓಹಾಯೊ ರಾಜ್ಯದ ಟೊಲೆಡೊ ನಗರದ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿಯಲ್ಲಿ. ಈಚೆಗೆ ಅಲ್ಲಿ ಗ್ಯಾಸರ್ ಪಂದ್ಯಗಳು ಮರುಹುಟ್ಟು ಪಡೆದಿವೆ. ಆ ಮರುಹುಟ್ಟು ಎತ್ತುವ ಒಂದು ಪ್ರಶ್ನೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳೆಯ ಜೀಪುಗಳಿಗೂ ನೇರವಾಗಿ ತಗಲುತ್ತದೆ. ಕೈಯಾಡಿಸಿ ಬದಲಾಯಿಸಿದ ಯಂತ್ರವನ್ನು ಚರಿತ್ರೆಯ ವಸ್ತುವೆಂದು ಒಪ್ಪಬೇಕೋ ಬೇಡವೋ ಎಂಬುದು ಆ ಪ್ರಶ್ನೆ.

ವಾಲಿ ಪಾರ್ಕ್ಸ್ ಅವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಬೀದಿಯಲ್ಲಿ ಹುಡುಗರು ನಡೆಸುತ್ತಿದ್ದ ಪೈಪೋಟಿಯನ್ನು ಕಟ್ಟುಪಾಡಿಗೆ ತರುವುದು ಅದರ ಉದ್ದೇಶ. 1955ರಲ್ಲಿ ಕಾನ್ಸಾಸ್‌ನ ಗ್ರೇಟ್ ಬೆಂಡ್‌ನಲ್ಲಿ ಅದರ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರು, ನೇರ ಓಟ; ಇಷ್ಟೇ ಆಟ. ಕಾರುಗಳನ್ನು ವರ್ಗಗಳಾಗಿ ವಿಂಗಡಿಸಲಾಗುತ್ತಿತ್ತು. ಗ್ಯಾಸ್ ವರ್ಗದ ಕಾರು ಆಲ್ಕೊಹಾಲು, ನೈಟ್ರೊಮೀಥೇನ್ ಮುಟ್ಟದೆ ಪೆಟ್ರೋಲಿನಲ್ಲೇ ಓಡಬೇಕು. ಕಾರಿನ ತೂಕವನ್ನು ಎಂಜಿನ್ನಿನ ಗಾತ್ರದಿಂದ ಭಾಗಿಸಿ ಎ, ಬಿ, ಸಿ ಎಂದು ಒಳವರ್ಗ ಗೊತ್ತುಮಾಡುತ್ತಿದ್ದರು. ಎಂಜಿನ್ನನ್ನು ಹಿಂದಕ್ಕೆ ಸರಿಸಿ ಕೂರಿಸಬಹುದು, ಆದರೆ ಮುಂದಿನ–ಹಿಂದಿನ ಚಕ್ರಗಳ ಅಂತರದ ಶೇ. 10ಕ್ಕಿಂತ ಹೆಚ್ಚು ಸರಿಸುವಂತಿಲ್ಲ.

ಈ ಶೇ. 10ರ ನಿಯಮದಿಂದಲೇ ಗ್ಯಾಸರ್‌ಗಳಿಗೆ ಆ ವಿಚಿತ್ರ ನಿಲುವು ಬಂತು ಎನ್ನಬಹುದು. ಅಂದಿನ ಟೈರುಗಳಿಗೆ ಹಿಡಿತ ಸಾಲದು; ಶಕ್ತಿ ಹೆಚ್ಚಿದಷ್ಟೂ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಹೊಗೆ ಎಬ್ಬಿಸುತ್ತಿತ್ತು. ಹಿಡಿತ ಬೇಕಾದರೆ ಹೊರಡುವ ಗಳಿಗೆಯಲ್ಲಿ ಭಾರ ಹಿಂದಕ್ಕೆ ಬೀಳಬೇಕು. ಎಂಜಿನ್ನನ್ನು ಬೇಕಾದಷ್ಟು ಹಿಂದಕ್ಕೆ ತಳ್ಳಲು ನಿಯಮ ಬಿಡದು. ಆಗ ಮುಂಭಾಗವನ್ನೇ ಎತ್ತರಿಸಿದರು. ಮುಂದಿನ ಸಸ್ಪೆನ್ಷನ್ ಬಿಚ್ಚಿ ಬಿಸಾಡಿ, ಟ್ರಕ್ಕಿಗೆ ಹಾಕುವಂಥ ನೇರವಾದ ಆಕ್ಸಲ್ಲನ್ನು ಪ್ಲೇಟ್ ಸ್ಪ್ರಿಂಗಿನ ಮೇಲೆ ಕೂರಿಸಿದರು. ಮೂಗು ಮೇಲೆತ್ತಿ ನಿಂತ ಕಾರು ನೋಡುಗರಿಗೆ ಠೀವಿಯಾಗಿ ಕಂಡಿತು, ನಿಜ. ಆದರೆ ಅದು ಮೊದಲಿಗೆ ಬಂದದ್ದು ನಿಯಮಪುಸ್ತಕದ ಸಂದುಗೊಂದಿನಿಂದ.

ವಿಲ್ಲಿಸ್ ಈ ಆಟಕ್ಕೆ ಏಕೆ ಒಗ್ಗಿತು? 1933ರಿಂದ ಬಂದ ಮಾಡೆಲ್ 77 ಮತ್ತು 1940–42ರ ಕಾರುಗಳು ಪುಟ್ಟವು, ಹಗುರ, ಚಕ್ರಗಳ ಅಂತರ ಕಿರಿದು. ಯುದ್ಧ ಮುಗಿದ ಮೇಲೆ ಕಂಪನಿ ಈ ಕಾರುಗಳನ್ನು ಮತ್ತೆ ತಯಾರಿಸಲಿಲ್ಲ. ಜೀಪಿನ ಮೇಲೆ ಮನಸ್ಸು ನೆಟ್ಟಿತು. ಹಾಗಾಗಿ ಹಳೆಯ ಕೂಪೆಗಳು ಅಗ್ಗಕ್ಕೆ ಸಿಗುವ ಅನಾಥ ಮಾಲಾದವು. ಅವುಗಳ ನಾಲ್ಕು ಸಿಲಿಂಡರಿನ ಎಂಜಿನ್ ಕಿತ್ತು, ಕ್ರೈಸ್ಲರ್ ಅಥವಾ ಶೆವ್ರೊಲೆ ಕಂಪನಿಯ ದೊಡ್ಡ ವಿ-8 ಎಂಜಿನ್ ಇಳಿಸಿ, ಅದರ ನೆತ್ತಿಗೆ ಸೂಪರ್‌ಚಾರ್ಜರ್ ಕೂರಿಸಿದರು. 1960ರ ದಶಕದ ಮಧ್ಯಭಾಗಕ್ಕೆ ಇಂಥ ಕಾರುಗಳು ಕಾಲು ಮೈಲಿಯನ್ನು 10 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಿದ್ದವು. ‘ಬಿಗ್ ಜಾನ್’ ಮಜ್ಮೇನಿಯನ್, ‘ಓಹಾಯೊ ಜಾರ್ಜ್’ ಮಾಂಟ್ಗಮರಿ, ಸ್ಟೋನ್–ವುಡ್ಸ್–ಕುಕ್ ತಂಡ ಮನೆಮಾತಾದದ್ದು ಆಗ. ಕೊನೆಯ ತಂಡದ ಫ್ರೆಡ್ ಸ್ಟೋನ್ ಮತ್ತು ಟಿಮ್ ವುಡ್ಸ್ ಕರಿಯ ಸಮುದಾಯದವರು, ಕಾರು ಓಡಿಸುತ್ತಿದ್ದ ಡಗ್ ಕುಕ್ ಬಿಳಿಯ. ಅಮೆರಿಕದ ಆ ದಶಕವನ್ನು ನೆನೆದರೆ ಇದು ಪಂದ್ಯದ ಆಚೆಗೂ ಗಮನಿಸಬೇಕಾದ ಸಂಗತಿ. ದಶಕ ಮುಗಿಯುವ ಹೊತ್ತಿಗೆ ‘ಫನ್ನಿ ಕಾರ್’ ಎಂಬ ಹೊಸ ವರ್ಗ ಪ್ರೇಕ್ಷಕರನ್ನು ಸೆಳೆದುಕೊಂಡಿತು, ಗ್ಯಾಸರ್ ಹಿಂದೆ ಬಿತ್ತು.

ಈ ಕಾರುಗಳಿಂದ ಕಿತ್ತುಹಾಕಿದ ಆ ನಾಲ್ಕು ಸಿಲಿಂಡರಿನ ಎಂಜಿನ್ನಿನ ಕಡೆಗೆ ಈಗ ತಿರುಗೋಣ. ಅದರ ಗಾತ್ರ 134 ಘನ ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 2,200 ಸಿ.ಸಿ. ಮಾಡೆಲ್ 77ರಲ್ಲಿ ಅದು ಕೊಡುತ್ತಿದ್ದುದು 48 ಅಶ್ವಶಕ್ತಿ. ಬಾರ್ನಿ ರೂಸ್ ಎಂಬ ಎಂಜಿನಿಯರ್ ಅದನ್ನು ತಿದ್ದಿ ತೀಡಿ 60ರ ಆಚೀಚೆಗೆ ಏರಿಸಿದರು. ಆ ಸುಧಾರಿತ ಎಂಜಿನ್ನೇ 1941ರ ವಿಲ್ಲಿಸ್ ಕಾರಿನಲ್ಲಿ ಇತ್ತು, ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿನಲ್ಲೂ ಇತ್ತು. ಅಮೆರಿಕದ ಪಂದ್ಯದ ಹುಡುಗರು ಕೈಲಾಗದ್ದೆಂದು ಗುಜರಿಗೆ ಎಸೆದ ಎಂಜಿನ್ನಿನ ಒಡಹುಟ್ಟು ನಮ್ಮಲ್ಲಿ ಘಟ್ಟ ಹತ್ತಿತು.

ಕೆ.ಸಿ. ಮಹೀಂದ್ರ ಅವರು ಅಮೆರಿಕದಲ್ಲಿ ರೂಸ್ ಅವರನ್ನು ಭೇಟಿಯಾದದ್ದರಿಂದ ಜೀಪು ಭಾರತಕ್ಕೆ ಬಂತೆಂದು ಮಹೀಂದ್ರ ಕಂಪನಿಯ ಚರಿತ್ರೆ ಹೇಳುತ್ತದೆ. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂದು ಹುಟ್ಟಿದ ಸಂಸ್ಥೆ 1947ರಲ್ಲಿ ಮುಂಬಯಿಯ ಮಜಗಾಂವ್‌ನಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿತು, 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಇತ್ತ ಸಾಗರ ತಾಲ್ಲೂಕಿನಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿಯ ಹಿನ್ನೀರು ಸಾಗರ–ಹೊಸನಗರಗಳ ಊರುಗಳನ್ನೂ ದಾರಿಗಳನ್ನೂ ನುಂಗಿತು. ಉಳಿದ ದಾರಿಗಳೆಂದರೆ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಕೊರಕಲು. ಅಡಿಕೆ ಮೂಟೆ, ಗೊಬ್ಬರ, ಬಾಣಂತಿ, ದಿಬ್ಬಣ ಎಲ್ಲಕ್ಕೂ ಒಂದೇ ಗಾಡಿ. ಹೊಸ ಜೀಪು ಕೊಳ್ಳಲಾಗದವರು ಮಿಲಿಟರಿ ಹರಾಜಿನ ಜೀಪು ತಂದರು.

ಆ ಗಾಡಿಯ ಕೆಲಸವನ್ನು ಇಂದಿಗೂ ಹತ್ತಿರದಿಂದ ನೋಡಬೇಕಾದರೆ ನಿಟ್ಟೂರು ಕಡೆಯಿಂದ ಕಟ್ಟಿನಹೊಳೆಗೆ ಹೋಗಿ ಕೊಡಚಾದ್ರಿ ಹತ್ತುವ ಬಾಡಿಗೆ ಜೀಪಿನಲ್ಲಿ ಮುಂದಿನ ಸೀಟು ಹಿಡಿಯಬೇಕು. ಏರು ಬಿಗಿಯಾಗುವಲ್ಲಿ ಡ್ರೈವರು ಗಾಡಿ ನಿಲ್ಲಿಸುತ್ತಾರೆ. ಗೇರಿನ ಕೋಲಿನ ಪಕ್ಕ ಇನ್ನೆರಡು ಗಿಡ್ಡ ಕೋಲುಗಳಿವೆ. ಒಂದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಶಕ್ತಿ ಹರಿಯುತ್ತದೆ; ಆಮೇಲಷ್ಟೇ ಇನ್ನೊಂದನ್ನು ಲೋ ಗೇರಿಗೆ ಹಾಕಲು ಸಾಧ್ಯ. ಕ್ರಮ ತಪ್ಪಿದರೆ ಕೋಲು ಬೀಳದು, ಒಳಗೇ ತಡೆ ಇದೆ. ವಿಲ್ಲಿಸ್ ಕಾಲದ ಈ ಎರಡನೆಯ ಗೇರ್‌ಬಾಕ್ಸು ಲೋನಲ್ಲಿ ಎಳೆತವನ್ನು 2.46 ಪಟ್ಟು ಹೆಚ್ಚಿಸುತ್ತದೆ, ಓಟವನ್ನು ಅಷ್ಟೇ ತಗ್ಗಿಸುತ್ತದೆ. ಆಮೇಲೆ ಆಕ್ಸಿಲರೇಟರಿನ ಗೊಡವೆಯೇ ಇಲ್ಲವೆಂಬಂತೆ ಜೀಪು ತನ್ನಷ್ಟಕ್ಕೆ ತಾನು ಕಲ್ಲಿನಿಂದ ಕಲ್ಲಿಗೆ ತೆವಳುತ್ತದೆ. ಒಂದು ಚಕ್ರ ಕೊರಕಲಿಗೆ ಇಳಿದಾಗ ಎದುರಿನ ಚಕ್ರ ಮೇಲೇಳುತ್ತದೆ. ಮುಂದಿರುವುದು ಒಂದೇ ತುಂಡಿನ ಆಕ್ಸಲ್, ಪ್ಲೇಟ್ ಸ್ಪ್ರಿಂಗು. ಗ್ಯಾಸರ್‌ನವರು 10 ಸೆಕೆಂಡಿನ ಓಟಕ್ಕಾಗಿ ಮರಳಿ ತಂದ ಹಳೆಯ ವ್ಯವಸ್ಥೆಯ ತತ್ವವೇ ಇಲ್ಲಿ ಗಂಟೆಗಟ್ಟಲೆ ತೆವಳುವ ಕೆಲಸಕ್ಕೆ ನಿಂತಿದೆ.

ಬಾನೆಟ್ ಎತ್ತಿ ನೋಡಿದರೆ ಮಾತ್ರ ವಿಲ್ಲಿಸ್ ಎಂಜಿನ್ ಇರುವುದಿಲ್ಲ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪು ಸಾಕುವುದು ತೋಟದವರಿಗೆ ಭಾರವಾಯಿತು. ಮಹೀಂದ್ರ ಕಂಪನಿಯೇ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಕುಲದ ಡೀಸೆಲ್ ಎಂಜಿನ್ನನ್ನೂ, 1980ರ ದಶಕದ ಎಂಎಂ540ರಲ್ಲಿ ಪ್ಯೂಜೊ ಕಂಪನಿಯ 2.1 ಲೀಟರಿನ ಡೀಸೆಲ್ ಎಂಜಿನ್ನನ್ನೂ ಕೊಟ್ಟಿತು. ಮೊದಲೇ ಪೆಟ್ರೋಲ್ ಜೀಪು ಇದ್ದವರು ಗ್ಯಾರೇಜಿನಲ್ಲಿ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿಕೊಂಡರು. ಹಿಂದೆ ಬೆಂಚಿನಂಥ ಸೀಟು ಹಾಕಿಸಿ ಬಾಡಿ ಉದ್ದ ಮಾಡಿಸಿದರು. ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಿದರು. ಮಲೆನಾಡಿನ ಮಳೆಗೆ ಯಾವ ಕಂಪನಿಯ ತಗಡೂ ಬಹಳ ಕಾಲ ಬಾಳದು. ಹೀಗೆ ಒಂದೊಂದು ಜೀಪೂ ಯಜಮಾನನ ಜೇಬು, ತೋಟದ ದಾರಿ, ಗ್ಯಾರೇಜಿನವನ ಕೈಚಳಕ ಸೇರಿ ಆದ ಒಂದೊಂದು ಕೃತಿ. ಬೀದಿ ಕಾರನ್ನು ಗ್ಯಾಸರ್ ಮಾಡಿದ್ದೂ ಇದೇ ಬಗೆಯ ಕೆಲಸ. ಅವಸರ ಬೇರೆ, ಅಷ್ಟೆ.

ಅಮೆರಿಕದ ಮರುಹುಟ್ಟಿನ ಸ್ವಾರಸ್ಯವೂ ಇರುವುದು ಇಲ್ಲೇ. ಅತ್ಯಾಧುನಿಕ ಪ್ರೊ ಮಾಡ್ ವರ್ಗದ ಚಾಂಪಿಯನ್ ಆಗಿದ್ದ ಕ್ವೇನ್ ಸ್ಟಾಟ್ ಆ ಹೈಟೆಕ್ ಓಟ ಬಿಟ್ಟು ದಕ್ಷಿಣದ ರಾಜ್ಯಗಳಲ್ಲಿ ಸೌತ್‌ಈಸ್ಟ್ ಗ್ಯಾಸರ್ಸ್ ಎಂಬ ಪಂದ್ಯಮಾಲೆ ಹುಟ್ಟುಹಾಕಿದರು. ಅಲ್ಲಿ ಕಾರಿನ ಮಾದರಿ 1967 ಅಥವಾ ಅದಕ್ಕೆ ಹಿಂದಿನದಾಗಿರಬೇಕು, ಗೇರನ್ನು ಕೈಯಲ್ಲೇ ಬದಲಿಸಬೇಕು, ಎಲೆಕ್ಟ್ರಾನಿಕ್ ನೆರವು ಕೂಡದು. ಓಟ ಕಾಲು ಮೈಲಿಯ ಅರ್ಧ. ಗೇರು ತಪ್ಪಿದರೆ ಸೋಲು. ಜನ ಬರುವುದೂ ಆ ತಪ್ಪುಗಳನ್ನು, ಮುಂಚಕ್ರ ಗಾಳಿಗೇಳುವುದನ್ನು ನೋಡಲು. ಇಂದು ಓಡುವ ‘ಗ್ಯಾಸರ್’ಗಳಲ್ಲಿ ಎಷ್ಟೋ ಹೊಸದಾಗಿ ಕಟ್ಟಿದವು, ವಿಲ್ಲಿಸ್‌ನಂತೆ ಕಾಣುವ ಕೆಲವು ಬಾಡಿಗಳು ಫೈಬರ್‌ನವು. ಹಳೆಯ ವಸ್ತುವನ್ನೇ ಶುದ್ಧವಾಗಿ ಇಟ್ಟುಕೊಳ್ಳಬೇಕೆಂಬ ಹಟ ಅಲ್ಲಿಲ್ಲ. ಅವರು ಉಳಿಸಿಕೊಂಡಿರುವುದು ಒಂದು ಕಾಲದ ಕಟ್ಟುಪಾಡನ್ನು ಮತ್ತು ಅದರೊಳಗೆ ಯಂತ್ರವನ್ನು ಮಾರ್ಪಡಿಸುವ ಸ್ವಾತಂತ್ರ್ಯವನ್ನು.

ಘಟ್ಟದ ಕೆಳಗಿನ ಕಂಬಳವನ್ನು ಬಲ್ಲವರಿಗೆ ಇದು ಹೊಸತಲ್ಲ. ಅದೂ ನೇರ ಓಟ; ಕೋಣಗಳ ಹಿಂದೆ ಕಟ್ಟುವ ಸಾಧನದಂತೆ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳು. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ತೊಡಕಿಗೆ ಸಿಕ್ಕ ಕಂಬಳಕ್ಕೆ ರಾಜ್ಯದ ತಿದ್ದುಪಡಿ ಕಾನೂನು ದಾರಿ ಮಾಡಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಅದನ್ನು ಎತ್ತಿಹಿಡಿಯಿತು. ಲೇಸರ್ ಕಿರಣದ ಫಲಿತಾಂಶ ಬಂದದ್ದರಿಂದ ಕಂಬಳ ಕಂಬಳವಲ್ಲದೆ ಹೋಗಲಿಲ್ಲ. ಪರಂಪರೆ ವಿಭಾಗಗಳಲ್ಲಿ ಉಳಿದಿದೆ.

ವಾಹನಗಳ ವಿಷಯದಲ್ಲಿ ನಮ್ಮ ಕಾನೂನಿನ ನೋಟ ಬೇರೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯಂತೆ ‘ವಿಂಟೇಜ್’ ಎನಿಸಿಕೊಳ್ಳಲು ವಾಹನಕ್ಕೆ 50 ವರ್ಷ ದಾಟಿರಬೇಕು, ಅದು ಮೂಲರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನೋಂದಣಿ ಶುಲ್ಕ 20,000 ರೂಪಾಯಿ, ಸಂಖ್ಯೆಯಲ್ಲಿ ‘ವಿಎ’ ಎಂಬ ಗುರುತು, ಅವಧಿ 10 ವರ್ಷ. ರ‍್ಯಾಲಿ, ಪ್ರದರ್ಶನ, ದುರಸ್ತಿ, ತಾಂತ್ರಿಕ ಸಂಶೋಧನೆಗಳಿಗೆ ರಸ್ತೆಗಿಳಿಸಬಹುದು. ದಿನಬಳಕೆಗೂ ಬಾಡಿಗೆಗೂ ಕೂಡದು. ಧರ್ಮಸ್ಥಳದ ಕಾರು ಸಂಗ್ರಹದಂಥ ಕಡೆ ಜೋಪಾನವಾಗಿ ನಿಂತ ಕಾರುಗಳಿಗೆ ಈ ವ್ಯಾಖ್ಯೆ ಹೇಳಿ ಮಾಡಿಸಿದಂತಿದೆ. ಎಂಜಿನ್ ಬದಲಾದ ತೀರ್ಥಹಳ್ಳಿಯ ತೋಟದ ಜೀಪಿಗೆ ಇದರಲ್ಲಿ ಜಾಗವಿಲ್ಲ. ಕೊಡಚಾದ್ರಿಯ ಬಾಡಿಗೆ ಜೀಪಂತೂ ಎರಡು ಕಾರಣಕ್ಕೆ ಹೊರಗೆ. ಅಸಲಿ ಗ್ಯಾಸರ್ ಒಂದು ನಮ್ಮಲ್ಲಿದ್ದರೆ ಅದಕ್ಕೂ ಇದೇ ಗತಿ.

ಈ ವ್ಯಾಖ್ಯೆ ಇಕ್ಕಟ್ಟಿನದು ಎಂಬುದು ನನ್ನ ಅಭಿಪ್ರಾಯ. ಸುರಕ್ಷತೆಯ ದೃಷ್ಟಿಯಿಂದ ಬದಲಾವಣೆಗೆ ಕಡಿವಾಣ ಬೇಕು, ನಿಜ. ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಬಿಗಿಯಾಗಿ ಹೇಳಿದೆ. ಆದರೆ ಇಂದು ರಸ್ತೆಯಲ್ಲಿ ಏನಿರಬೇಕು ಎಂಬುದು ಒಂದು ಪ್ರಶ್ನೆ, ನಿನ್ನೆಯ ಯಾವುದನ್ನು ಚರಿತ್ರೆಯೆಂದು ಗುರುತಿಸಬೇಕು ಎಂಬುದು ಇನ್ನೊಂದು. ಎರಡಕ್ಕೂ ಒಂದೇ ಅಳತೆಗೋಲು ಹಿಡಿದರೆ ಬಳಸದೆ ಮುಚ್ಚಿಟ್ಟ ಶ್ರೀಮಂತರ ಕಾರುಗಳಿಗೆ ಮಾತ್ರ ಇತಿಹಾಸ ದಕ್ಕುತ್ತದೆ. ದುಡಿದ ಗಾಡಿ ಬದಲಾಗದೆ ಉಳಿಯುವುದಿಲ್ಲ.

ಇಲ್ಲಿ ಡ್ರ್ಯಾಗ್ ಪಂದ್ಯ ಆರಂಭವಾಗಬೇಕೆಂದು ಇದರ ಅರ್ಥವಲ್ಲ. ಭಾರತದಲ್ಲಿ ಇಂಥ ಓಟಕ್ಕೆ ಆಸರೆಯಾದದ್ದು ಚೆನ್ನೈ ಬಳಿಯ ಶೋಲಾವರಂನಂಥ ಯುದ್ಧಕಾಲದ ವಿಮಾನ ಪಟ್ಟಿಗಳು. ಆಗುಂಬೆಯ 14 ತಿರುವುಗಳ ನಾಡಿನಲ್ಲಿ ಕಾಲು ಮೈಲಿ ನೇರ ದಾರಿ ಹುಡುಕುವುದೇ ಸಾಹಸ. 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಸಿಗಂದೂರು ಸೇತುವೆ 2 ಕಿ.ಮೀ.ಗೂ ಹೆಚ್ಚು ಉದ್ದ ಚಾಚಿದೆಯೆಂದು ಹುಮ್ಮಸ್ಸಿನ ಹುಡುಗರು ಕಣ್ಣರಳಿಸಿದರೆ, ಮೋಟಾರು ವಾಹನ ಕಾಯ್ದೆಯ 189ನೇ ವಿಧಿಯನ್ನು ನೆನಪಿಸಬೇಕಾಗುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈಗ ಆಗಬೇಕಾದ್ದು ದಾಖಲಾತಿ, ಅದೂ ಬೇಗ. 2022ರ ಏಪ್ರಿಲ್‌ನಲ್ಲಿ 15 ವರ್ಷ ಮೀರಿದ ಕಾರು–ಜೀಪುಗಳ ನೋಂದಣಿ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು, ಗುಜರಿ ನೀತಿಯೂ ಜಾರಿಯಲ್ಲಿದೆ. ಸಂಶೋಧಕರಿಗೆ ಮುಖ್ಯ ಆಕರ ಹಳೆಯ ಕಾಗದದ ಆರ್.ಸಿ. ಪುಸ್ತಕ. ಅದರಲ್ಲಿ ಇಂಧನ, ಎಂಜಿನ್ ಸಂಖ್ಯೆ, ಸೀಟುಗಳ ಲೆಕ್ಕ, ಕೈ ಬದಲಾದ ಯಜಮಾನರ ಹೆಸರು, ಸಾಲ ಕೊಟ್ಟ ಸೊಸೈಟಿ ಅಥವಾ ಬ್ಯಾಂಕಿನ ನಮೂದು ಇರುತ್ತವೆ. ಒಪ್ಪಿಗೆ ಪಡೆದು ಮಾಡಿಸಿದ ಮಾರ್ಪಾಡಿಗೆ ಮೊಹರಿನ ಸಹಿ ಬಿದ್ದಿರುತ್ತದೆ. ಸ್ಮಾರ್ಟ್ ಕಾರ್ಡ್ ಬಂದ ಮೇಲೆ ಕೊನೆಯ ಸ್ಥಿತಿ ಮಾತ್ರ ಕಾರ್ಡಿನ ಮೇಲೆ ಕಾಣುತ್ತದೆ. ಕೆಎ-15 ಸಂಖ್ಯೆಯ ಸಾಗರದ ಗಾಡಿಗಳಿಂದ ಆರಂಭಿಸಿ, ಮಾಲೀಕರ ಒಪ್ಪಿಗೆಯೊಂದಿಗೆ ಈ ಪುಸ್ತಕಗಳ ಪುಟಪುಟದ ಚಿತ್ರ ತೆಗೆದಿಟ್ಟು, ಪುಸ್ತಕದ ಎಂಜಿನ್ ಸಂಖ್ಯೆಯನ್ನು ಬ್ಲಾಕಿನ ಮೇಲೆ ಒತ್ತಿದ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಎರಡೂ ಕೂಡದ ಜೀಪು ಸಿಕ್ಕಲ್ಲಿ ಮುಂದಿನ ವಿಚಾರಣೆ ಆ ಊರಿನ ಹಳೆಯ ಗ್ಯಾರೇಜಿನಲ್ಲಿ ನಡೆಯಬೇಕು.