ಕ್ರಿಸ್ಮಸ್ ಅಲಂಕಾರದ ಅವಧಿ

ಕ್ರಿಸ್ಮಸ್ ಹಬ್ಬಕ್ಕಾಗಿ ಮನೆಗಳಲ್ಲಿ ಕ್ರಿಸ್ಮಸ್ ಮರ, ನಕ್ಷತ್ರದೀಪ, ಗೋದಲಿ, ಹಸಿರೆಲೆಯ ತೋರಣ ಮೊದಲಾದವುಗಳನ್ನು ಅಣಿಗೊಳಿಸುವ ದಿನದಿಂದ ಅವುಗಳನ್ನು ತೆಗೆದಿರಿಸುವ ದಿನದವರೆಗಿನ ಕಾಲವೇ ಕ್ರಿಸ್ಮಸ್ ಅಲಂಕಾರದ ಅವಧಿ. ಎಲ್ಲ ಕ್ರೈಸ್ತರಿಗೂ ಅನ್ವಯಿಸುವ ಒಂದೇ ದಿನಾಂಕ ಇದಕ್ಕಿಲ್ಲ. ಬೈಬಲ್ಲಿನಲ್ಲಿಯೂ ಈ ಕುರಿತು ಯಾವುದೇ ನಿಯಮವಿಲ್ಲ. ಚರ್ಚಿನ ಪಂಚಾಂಗ, ದೇಶದ ಸಂಪ್ರದಾಯ ಮತ್ತು ಮನೆಯ ಅನುಕೂಲ ಈ ಮೂರನ್ನು ಅವಲಂಬಿಸಿ ದಿನವು ನಿರ್ಧಾರವಾಗುತ್ತದೆ. ಹಿಂದೆ ಅಲಂಕಾರವು ಹಬ್ಬದ ಮುನ್ನಾದಿನ ಆರಂಭವಾಗಿ ಹಬ್ಬದ ನಂತರವೂ ಮುಂದುವರಿಯುತ್ತಿತ್ತು. ಇಂದು ಅನೇಕ ದೇಶಗಳಲ್ಲಿ ಅದು ವಾರಗಳ ಮೊದಲೇ ಆರಂಭವಾಗುತ್ತದೆ.

ಆಗಮನ ಕಾಲ

ಪಾಶ್ಚಾತ್ಯ ಚರ್ಚುಗಳಲ್ಲಿ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನೊಳಗೊಂಡ ಅವಧಿಯನ್ನು ಆಗಮನ ಕಾಲ ಎಂದು ಕರೆಯಲಾಗುತ್ತದೆ. ಇದರ ಮೊದಲ ಭಾನುವಾರವು ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. ಇದು ಹಬ್ಬದ ಕಾಲವಲ್ಲ, ಹಬ್ಬಕ್ಕಾಗಿ ಕಾಯುವ ಕಾಲ. ಕಥೋಲಿಕ ಚರ್ಚುಗಳಲ್ಲಿ ಈ ದಿನಗಳಲ್ಲಿ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರವನ್ನು ಧರಿಸುತ್ತಾರೆ. ಭಾನುವಾರದ ಬಲಿಪೂಜೆಯಲ್ಲಿ ಮಹಿಮಾಗೀತೆಯನ್ನು ಹಾಡುವುದಿಲ್ಲ.

ಈ ಕಾರಣದಿಂದ ಅಲಂಕಾರದ ಬಗ್ಗೆ ಎರಡು ನಿಲುವುಗಳಿವೆ. ಕಾಯುವಿಕೆಯ ಅರ್ಥ ಉಳಿಯಬೇಕಾದರೆ ಡಿಸೆಂಬರ್ 24ರವರೆಗೆ ಮನೆಯೂ ಸರಳವಾಗಿರಬೇಕು ಎಂಬುದು ಒಂದು ನಿಲುವು. ಸಿದ್ಧತೆಯೇ ಆಗಮನ ಕಾಲದ ಅಂಗವಾದುದರಿಂದ ಮೊದಲ ಭಾನುವಾರವೇ ಅಲಂಕಾರ ಆರಂಭಿಸಬಹುದು ಎಂಬುದು ಇನ್ನೊಂದು.

ಇವೆರಡರ ನಡುವೆ ಹಂತಹಂತವಾಗಿ ಅಲಂಕರಿಸುವ ರೂಢಿಯೂ ಇದೆ. ಆಗಮನ ಮಾಲೆಯಲ್ಲಿ ಪ್ರತಿ ಭಾನುವಾರ ಒಂದೊಂದು ಮೇಣದಬತ್ತಿಯನ್ನು ಹೆಚ್ಚಾಗಿ ಹಚ್ಚಲಾಗುತ್ತದೆ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಬಡಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಯೋಹಾನ್ ಹಿನ್ರಿಚ್ ವಿಖರ್ನ್ 1839ರಲ್ಲಿ ಇದರ ಆಧುನಿಕ ರೂಪವನ್ನು ಬಳಕೆಗೆ ತಂದರು. ಗೋದಲಿಯನ್ನು ಮೊದಲೇ ಕಟ್ಟಿದರೂ ಬಾಲಯೇಸುವಿನ ಮೂರ್ತಿಯನ್ನು ಡಿಸೆಂಬರ್ 24ರ ರಾತ್ರಿಯೇ ಇಡುವುದು ಇಂತಹುದೇ ಮತ್ತೊಂದು ರೂಢಿ.

ಇತಿಹಾಸ

ಇಟಲಿಯ ಗ್ರೆಚ್ಚೊದಲ್ಲಿ 1223ರ ಕ್ರಿಸ್ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಏರ್ಪಡಿಸಿದ ದೃಶ್ಯದಿಂದ ಗೋದಲಿಯ ಸಂಪ್ರದಾಯವು ಜನಪ್ರಿಯವಾಯಿತು. ಜರ್ಮನಿಯಲ್ಲಿ ಕ್ರಿಸ್ಮಸ್ ಮರವನ್ನು ಡಿಸೆಂಬರ್ 24ರ ಸಂಜೆ ಬೆಳಗಿಸುವುದು ವಾಡಿಕೆಯಾಗಿತ್ತು. ವಿಕ್ಟೋರಿಯಾ ರಾಣಿಯ ಕುಟುಂಬವು ಅಲಂಕೃತ ಮರದ ಸುತ್ತ ನಿಂತಿರುವ ಚಿತ್ರವನ್ನು ಲಂಡನ್ನಿನ ಸಚಿತ್ರ ಪತ್ರಿಕೆಯೊಂದು 1848ರಲ್ಲಿ ಪ್ರಕಟಿಸಿದ ಬಳಿಕ ಈ ಪದ್ಧತಿ ಬ್ರಿಟನ್ನಿನಲ್ಲಿ ವ್ಯಾಪಕವಾಯಿತು.

ಆಗ ಮರದ ಮೇಲೆ ನಿಜವಾದ ಮೇಣದಬತ್ತಿಗಳನ್ನೇ ಉರಿಸಲಾಗುತ್ತಿತ್ತು. ಮರ ಒಣಗಿದಂತೆ ಬೆಂಕಿಯ ಭಯ ಹೆಚ್ಚುತ್ತಿದ್ದುದರಿಂದ ಅದನ್ನು ಬಹಳ ದಿನ ಬೆಳಗಿಸುವುದು ಅಪಾಯಕರವಾಗಿತ್ತು. ಥಾಮಸ್ ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಮರಕ್ಕೆ ವಿದ್ಯುದ್ದೀಪಗಳನ್ನು ಅಳವಡಿಸಿದರು. ಮುಂದೆ ವಿದ್ಯುದ್ದೀಪಗಳೂ ಕೃತಕ ಮರಗಳೂ ಸಾಮಾನ್ಯವಾದಂತೆ ಅಲಂಕಾರವನ್ನು ವಾರಗಟ್ಟಲೆ ಉಳಿಸಿಕೊಳ್ಳುವುದು ಸಾಧ್ಯವಾಯಿತು. ಅಂಗಡಿಗಳ ಹಬ್ಬದ ವ್ಯಾಪಾರವೂ ಆರಂಭದ ದಿನವನ್ನು ಹಿಂದಕ್ಕೆ ತಳ್ಳಿತು.

ವಿವಿಧ ದೇಶಗಳಲ್ಲಿ

* ಇಟಲಿ, ಅರ್ಜೆಂಟೀನಾ: ಡಿಸೆಂಬರ್ 8. ಅಂದು ಮರಿಯಮ್ಮನವರ ನಿಷ್ಕಳಂಕ ಗರ್ಭಧಾರಣೆಯ ಹಬ್ಬ.
* ಅಮೆರಿಕ ಸಂಯುಕ್ತ ಸಂಸ್ಥಾನ: ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರ.
* ನೆದರ್ಲ್ಯಾಂಡ್ಸ್: ಡಿಸೆಂಬರ್ 5ರ ಸಂತ ನಿಕೋಲಾಸರ ಹಬ್ಬ ಮುಗಿದ ಮೇಲೆ.
* ಫಿಲಿಪ್ಪೀನ್ಸ್: ಸೆಪ್ಟೆಂಬರ್ ತಿಂಗಳಿನಿಂದಲೇ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಕ್ರೈಸ್ತರ ಮನೆಗಳ ಮುಂದೆ ಡಿಸೆಂಬರ್ ತಿಂಗಳಲ್ಲಿ ನಕ್ಷತ್ರದೀಪಗಳು ತೂಗುತ್ತವೆ. ಕರಾವಳಿಯ ಕೊಂಕಣಿ ಭಾಷಿಕ ಕಥೋಲಿಕರಲ್ಲಿ ಗೋದಲಿಗೆ ಪ್ರಮುಖ ಸ್ಥಾನವಿದೆ. ಹುಲ್ಲು, ಮಣ್ಣು, ಕಾಗದಗಳಿಂದ ಬೆತ್ಲೆಹೇಮಿನ ಕೊಟ್ಟಿಗೆಯನ್ನು ರಚಿಸಿ, ಸುತ್ತಲೂ ಹೊಲಗದ್ದೆಗಳನ್ನು ತೋರಿಸಲಾಗುತ್ತದೆ. ಗದ್ದೆಯ ಹಸಿರಿಗಾಗಿ ಕೆಲವರು ಭತ್ತ ಅಥವಾ ರಾಗಿಯನ್ನು ಮೊಳಕೆ ಬರಿಸುತ್ತಾರೆ. ಹಬ್ಬದ ವೇಳೆಗೆ ಪೈರು ಏಳಬೇಕಾದುದರಿಂದ ಹಲವು ದಿನ ಮೊದಲೇ ಬೀಜ ಹಾಕಬೇಕಾಗುತ್ತದೆ. ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಸಂಪ್ರದಾಯದ ಕ್ರೈಸ್ತರಲ್ಲಿ ಡಿಸೆಂಬರ್ 1ರಿಂದ ಹಬ್ಬದವರೆಗೆ ಉಪವಾಸ ವ್ರತ ಆಚರಿಸುವ ರೂಢಿಯಿದೆ.

ಅಲಂಕಾರ ತೆಗೆಯುವ ದಿನ

ಸಾಂಪ್ರದಾಯಿಕವಾಗಿ ಕ್ರಿಸ್ಮಸ್ ಹನ್ನೆರಡು ದಿನಗಳ ಹಬ್ಬ. ಮೂವರು ಜ್ಞಾನಿಗಳು ಬಾಲಯೇಸುವನ್ನು ದರ್ಶಿಸಿದ ನೆನಪಿನ ಎಪಿಫನಿ ಹಬ್ಬವು ಜನವರಿ 6ರಂದು ಬರುತ್ತದೆ. ಹನ್ನೆರಡು ದಿನಗಳನ್ನು ಡಿಸೆಂಬರ್ 25ರಿಂದ ಎಣಿಸುವವರು ಜನವರಿ 5ರಂದೂ, 26ರಿಂದ ಎಣಿಸುವವರು ಜನವರಿ 6ರಂದೂ ಅಲಂಕಾರ ತೆಗೆಯುತ್ತಾರೆ. ಅದನ್ನು ಮೀರಿ ಉಳಿಸಿದರೆ ಅಶುಭ ಎಂಬ ನಂಬಿಕೆ ಇಂಗ್ಲೆಂಡಿನಲ್ಲಿದೆ. ಆದರೆ 17ನೆಯ ಶತಮಾನದಲ್ಲಿ ಅಲ್ಲಿಯೇ ಫೆಬ್ರವರಿ 2ರ ಕ್ಯಾಂಡಲ್ಮಸ್ ಹಬ್ಬದ ಮುನ್ನಾದಿನದವರೆಗೆ ಹಸಿರೆಲೆಗಳನ್ನು ಇರಿಸುವ ರೂಢಿಯಿದ್ದುದು ಕವಿ ರಾಬರ್ಟ್ ಹೆರಿಕ್‌ನ ಕವಿತೆಯಿಂದ ತಿಳಿಯುತ್ತದೆ. ಸ್ವೀಡನ್ನಿನಲ್ಲಿ ಜನವರಿ 13ರ ಸಂತ ಕ್ನುಟ್ ದಿನದಂದು ಮರವನ್ನು ತೆಗೆಯಲಾಗುತ್ತದೆ. ಜೂಲಿಯನ್ ಪಂಚಾಂಗವನ್ನು ಅನುಸರಿಸುವ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಕ್ರಿಸ್ಮಸ್ ಜನವರಿ 7ರಂದು ಬರುವುದರಿಂದ ಅಲ್ಲಿ ಈ ಲೆಕ್ಕವೇ ಬೇರೆ.

ಪ್ರಾಯೋಗಿಕ ಅಂಶಗಳು

ಕಡಿದು ತಂದ ಮರವನ್ನು ಬಳಸುವ ಮನೆಗಳಲ್ಲಿ ದಿನದ ಆಯ್ಕೆಯು ಸುರಕ್ಷತೆಯ ಪ್ರಶ್ನೆಯೂ ಹೌದು. ಬುಡಕ್ಕೆ ಪ್ರತಿದಿನ ನೀರುಣಿಸಿದರೆ ಮರವು ಕೆಲವು ವಾರ ಹಸಿರಾಗಿರುತ್ತದೆ. ನೀರಿಲ್ಲದಿದ್ದರೆ ಬೇಗ ಒಣಗಿ, ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಜನವರಿ 6ರವರೆಗೆ ಮರವನ್ನು ಇರಿಸಬಯಸುವವರು ಅದನ್ನು ತಡವಾಗಿ ತರುವುದು ಉಚಿತ. ಕೃತಕ ಮರಕ್ಕೆ ಒಣಗುವ ತೊಂದರೆಯಿಲ್ಲದಿದ್ದರೂ ಹಳೆಯ ದೀಪಸರಗಳ ತಂತಿಯನ್ನು ಪ್ರತಿವರ್ಷ ಪರೀಕ್ಷಿಸುವುದು ಅಗತ್ಯ.